ಐವರ ತಂಡಕ್ಕೆ ಐದು ಕಾರ್ಡು: ಇಂದಿನ ಕಾಲದ ಆರ್‌ಪಿಜಿಗೆ ಎನ್‌ಪಿಸಿ ಕಟ್ಟುವ ಬಗೆ

ನಾಲ್ಕೈದು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತ ಕಥೆ ಬೆಳೆಸುವ ಆಟವೇ ಟೇಬಲ್‌ಟಾಪ್ ಆರ್‌ಪಿಜಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗಿನಿಂದ ಈ ಆಟದ ಹೆಸರೆತ್ತಿದರೆ ಕತ್ತಿ, ಮಾಟ, ಡ್ರ್ಯಾಗನ್‌ಗಳೇ ಕಣ್ಣಮುಂದೆ ಬರುತ್ತವೆ. ಆದರೆ ನಮ್ಮದೇ ಕಾಲದಲ್ಲಿ ನಡೆಯುವ ಆಟಗಳೂ ಹೊಸತೇನಲ್ಲ. ಗೂಢಚಾರರ ‘ಟಾಪ್ ಸೀಕ್ರೆಟ್’ 1980ರಲ್ಲೇ ಬಂತು. ಈಚಿನ ‘ನೈಟ್ಸ್ ಬ್ಲ್ಯಾಕ್ ಏಜೆಂಟ್ಸ್’ (2012), ‘ಡೆಲ್ಟಾ ಗ್ರೀನ್’ (2016) ಆಟಗಳಲ್ಲಿ ಪಾತ್ರಗಳ ಜೇಬಿನಲ್ಲಿ ಮೊಬೈಲ್ ಇರುತ್ತದೆ, ಬೀದಿಯಲ್ಲಿ ಸಿಸಿಟಿವಿ ಇರುತ್ತದೆ, ತಪ್ಪು ಮಾಡಿದರೆ ಪೊಲೀಸರು ಬರುತ್ತಾರೆ.

ಆಟ ನಡೆಸುವ ಗೇಮ್ ಮಾಸ್ಟರ್‌ಗೆ, ಅಂದರೆ ಜಿಎಂಗೆ, ಕಷ್ಟ ಶುರುವಾಗುವುದು ಇಲ್ಲೇ. ಆಟಗಾರರದ್ದಲ್ಲದ ಪಾತ್ರಗಳನ್ನೆಲ್ಲ, ಅಂದರೆ ಎನ್‌ಪಿಸಿಗಳನ್ನು, ಆಡಿಸುವವರು ಅವರೊಬ್ಬರೇ. ಗುಹೆಯೊಳಗೆ ಆರು ರಾಕ್ಷಸರನ್ನು ನಿಲ್ಲಿಸಿದರೆ ಹಳೆಯ ಆಟ ನಡೆದೀತು. ಇಂದಿನ ಊರಿನಲ್ಲಿ ಎದುರಾಳಿ ಯಾವತ್ತೂ ಒಂದು ತಂಡ: ಕಳ್ಳಸಾಗಣೆಯ ಗುಂಪು, ಪ್ರತಿಸ್ಪರ್ಧಿ ಸುದ್ದಿಮನೆ, ರಹಸ್ಯ ಮುಚ್ಚಿಟ್ಟ ಕಂಪನಿ. ಅನೇಕ ಜಿಎಂಗಳು ಐದು ಕ್ಯಾರೆಕ್ಟರ್ ಶೀಟ್ ತುಂಬ ಅಂಕಿ ಬರೆದುಕೊಂಡು ಬರುತ್ತಾರೆ. ಆಟ ಶುರುವಾದ ಮೇಲೆ ನೋಡಿದರೆ ಐವರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ, ಒಂದೇ ಸಾಲಿನಲ್ಲಿ ನಿಂತು ಒದೆ ತಿನ್ನುತ್ತಾರೆ. ಅಂಕಿಯನ್ನು ಕೊನೆಗಿಟ್ಟುಕೊಂಡು, ಮೊದಲು ಅವರ ಕೆಲಸ, ಆಮೇಲೆ ಅವರೊಳಗಿನ ನಂಟು ಬರೆದರೆ ತಂಡಕ್ಕೆ ಜೀವ ಬರುತ್ತದೆ.

ಉದಾಹರಣೆಗೆ ಒಂದು ತಂಡವನ್ನು ಇಲ್ಲೇ ಕಟ್ಟೋಣ. ಆಟಗಾರರು ಒಬ್ಬ ವರದಿಗಾರ್ತಿ, ಒಬ್ಬ ಶಾಸನತಜ್ಞ, ರಜೆಯ ಮೇಲಿರುವ ಒಬ್ಬ ಸಬ್ ಇನ್‌ಸ್ಪೆಕ್ಟರ್. ಎದುರಿಗಿರುವುದು ಹಾಸನ ಜಿಲ್ಲೆಯ ಪಾಳು ಗುಡಿಗಳಿಂದ ಹೊಯ್ಸಳರ ಕಾಲದ ವಿಗ್ರಹ ಕದ್ದು ಹೊರದೇಶಕ್ಕೆ ಸಾಗಿಸುವ ಗುಂಪು. ಊರು, ಗುಡಿ, ಜನ ಎಲ್ಲವೂ ಕಲ್ಪಿತ.

ಮೊದಲು ಕೆಲಸ

ತಂಡ ಮಾಡುವ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಆ ಕೆಲಸ ಆಗಬೇಕಾದರೆ ಏನೇನು ಬೇಕು ಎಂದು ಕೇಳಿಕೊಳ್ಳಿ. ಯಾವ ಗುಡಿಗೆ ಕಾವಲಿಲ್ಲ ಎಂದು ತಿಳಿದವರು ಬೇಕು. ಬಳಪದ ಕಲ್ಲಿನ ಮೂರ್ತಿಯನ್ನು ಮೂಗು ಮುಕ್ಕಾಗದಂತೆ ಪೀಠದಿಂದ ಬಿಡಿಸುವ ಕೈ ಬೇಕು. ಗಾಡಿ ಬೇಕು. ಬಂದರು ದಾಟಿಸುವ ಕಾಗದ ಬೇಕು. ಕೊಳ್ಳುವವರನ್ನು ಬಲ್ಲವರು ಬೇಕು. ಇಲ್ಲಿಗೆ ಐದು ಜನ ತಾವಾಗಿಯೇ ಹುಟ್ಟಿದರು. ‘ಒಬ್ಬ ಬುದ್ಧಿವಂತ, ಒಬ್ಬ ದಾಂಡಿಗ, ಒಬ್ಬ ತಮಾಷೆಯವ’ ಎಂದು ಸಿನಿಮಾದ ಲೆಕ್ಕದಲ್ಲಿ ಶುರು ಮಾಡಿದರೆ ಇವರು ಸಿಗುತ್ತಿರಲಿಲ್ಲ.

ಕೆಲಸದಿಂದ ಹುಟ್ಟಿದ ತಂಡಕ್ಕೆ ಇನ್ನೊಂದು ಗುಣವಿದೆ: ಅದರ ದುರ್ಬಲ ಜಾಗವೂ ಜೊತೆಗೇ ಹುಟ್ಟುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹಾಗಾಗಿ ಕದ್ದ ಮೂರ್ತಿಯನ್ನು ಹೊಸ ಕರಕುಶಲ ವಸ್ತು ಎಂದು ತೋರಿಸಲೇಬೇಕು, ಅದಕ್ಕೆ ಕಾಗದ ಹುಟ್ಟಿಸಲೇಬೇಕು. ಸರಿಯಾದ ಪ್ರಶ್ನೆ ಕೇಳುವ ಆಟಗಾರರಿಗೆ ಬಂದೂಕಿಲ್ಲದೆ ಒಳಹೋಗುವ ಬಾಗಿಲು ಅದು.

ಎಷ್ಟು ಜನ ಇರಬೇಕು? ಮೂರರಿಂದ ಐದು ಸಾಕು. ಆರು ದಾಟಿದರೆ ಆಟಗಾರರಿಗೆ ಹೆಸರು ನೆನಪಿರುವುದಿಲ್ಲ. ಒಂದು ದೃಶ್ಯದಲ್ಲಿ ಇಬ್ಬರಿಗಿಂತ ಹೆಚ್ಚು ಎನ್‌ಪಿಸಿಗಳು ಮಾತಾಡಬಾರದು. ಮಾತಾಡಿದರೆ ಜಿಎಂ ತನ್ನಷ್ಟಕ್ಕೆ ತಾನೇ ಸಂಭಾಷಣೆ ನಡೆಸುತ್ತಾರೆ, ಆಟಗಾರರು ಮೊಬೈಲ್ ನೋಡುತ್ತಾರೆ.

ಕಾರ್ಡು ತುಂಬುವುದು

ಪೋಸ್ಟ್‌ಕಾರ್ಡ್ ಅಳತೆಯ ರಟ್ಟು ತೆಗೆದುಕೊಳ್ಳಿ, ಒಬ್ಬರಿಗೆ ಒಂದು. ಮುಂಭಾಗದಲ್ಲಿ ನಾಲ್ಕೇ ಸಾಲು: ಹೆಸರು ಮತ್ತು ಕಸುಬು, ನೋಡಿದ ಕೂಡಲೇ ಕಣ್ಣಿಗೆ ಬೀಳುವ ಒಂದು ಗುರುತು, ತಂಡದಲ್ಲಿ ಯಾಕಿದ್ದಾರೆ, ಯಾವುದಕ್ಕೆ ಹೆದರುತ್ತಾರೆ.

ನಮ್ಮ ಸೀನನ ಕಾರ್ಡು ಹೀಗಿರಬಹುದು: ‘ಸೀನ, ಗೂಡ್ಸ್ ಟೆಂಪೊ ಡ್ರೈವರ್. ಎಡಗೈ ಹೆಬ್ಬೆರಳಿಗೆ ಸದಾ ಬಟ್ಟೆ ಸುತ್ತಿರುತ್ತದೆ. ಗಾಡಿಯ ಸಾಲದ ಕಂತು ಕಟ್ಟಲು ಈ ಕೆಲಸಕ್ಕೆ ಬಂದ. ಗಾಡಿ ಜಪ್ತಿಯಾಗುವ ಭಯ.’ ಇಷ್ಟಿದ್ದರೆ ಆಟಗಾರರು ಏನೇ ಕೇಳಿದರೂ ಸೀನ ಏನು ಹೇಳುತ್ತಾನೆ ಎಂದು ನಿಮಗೆ ಗೊತ್ತಿರುತ್ತದೆ. ಹುಟ್ಟಿದೂರು, ಬಾಲ್ಯ, ಮೊದಲ ಪ್ರೇಮ ಯಾವುದೂ ಈಗ ಬೇಡ. ಆಟದಲ್ಲಿ ಬೇಕಾದಾಗ ಬರೆದುಕೊಂಡರಾಯಿತು.

ಹೆಸರಿಡುವಾಗ ಸ್ವಲ್ಪ ನಿಲ್ಲಿ. ನಮ್ಮಲ್ಲಿ ಹೆಸರೊಂದೇ ಜಾತಿ, ಧರ್ಮ, ಊರನ್ನೆಲ್ಲ ಹೇಳಿಬಿಡುತ್ತದೆ. ಕಳ್ಳರ ತಂಡದ ಎಲ್ಲರೂ ಒಂದೇ ಸಮುದಾಯದವರಾದರೆ ಮೇಜಿನ ಸುತ್ತ ಕೂತ ಯಾರಿಗೋ ಅದು ನೋಯುತ್ತದೆ, ಮತ್ತು ಆ ನೋವು ನ್ಯಾಯವಾದದ್ದೇ. ಐದೂ ಹೆಸರುಗಳನ್ನು ಒಟ್ಟಿಗೆ ಒಂದು ಹಾಳೆಯಲ್ಲಿ ಬರೆದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮೊದಲ ಅಕ್ಷರಗಳು ಬೇರೆಬೇರೆ ಇವೆಯೇ ಎಂಬುದೂ ಆಗಲೇ ತಿಳಿಯುತ್ತದೆ. ರಮೇಶ, ರಾಜೇಶ, ರಾಕೇಶ ಒಂದೇ ತಂಡದಲ್ಲಿದ್ದರೆ ಯಾರು ಯಾರೆಂದು ಯಾರಿಗೂ ಗೊತ್ತಾಗದು.

ನಂಟು: ಇಲ್ಲಿ ಹೊತ್ತು ಕಳೆಯಿರಿ

ಐದು ಜನರೆಂದರೆ ಹತ್ತು ಜೋಡಿ. ಹತ್ತನ್ನೂ ಬರೆಯಲು ಹೋಗಬೇಡಿ. ಕಾರ್ಡುಗಳನ್ನು ಮೇಜಿನ ಮೇಲೆ ವೃತ್ತಾಕಾರವಾಗಿ ಹರಡಿ, ಮೂರೇ ಗೆರೆ ಎಳೆಯಿರಿ: ಒಂದು ಋಣದ್ದು, ಒಂದು ಅಸಮಾಧಾನದ್ದು, ಒಂದು ಮುಚ್ಚಿಟ್ಟದ್ದು.

ಗುಡಿಗಳ ಸುಳಿವು ಕೊಡುವವರು ನಿವೃತ್ತ ಇತಿಹಾಸ ಮೇಷ್ಟ್ರು ಚಂದ್ರಶೇಖರಯ್ಯ. ಸೀನನಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿ, ಫೀಸನ್ನೂ ಕಟ್ಟಿದವರು. ಇದು ಋಣ. ಕಲ್ಲು ಬಿಡಿಸುವ ರಂಗಪ್ಪ ಮಗಳ ಕಾಲೇಜಿಗೆಂದು, ಕೊಳ್ಳುವವರನ್ನು ಬಲ್ಲ ಬೆಂಗಳೂರಿನ ವಿಕ್ರಮನಿಂದ ಮುಂಗಡ ಪಡೆದಿದ್ದಾನೆ. ಎಷ್ಟು ಕೆಲಸ ಮಾಡಿದರೂ ಆ ಲೆಕ್ಕ ತೀರುತ್ತಿಲ್ಲ. ಇದು ಅಸಮಾಧಾನ. ಮೂರನೆಯದೇ ಮುಖ್ಯ: ಮೂರ್ತಿಗಳು ಮಳೆಗೆ ಹಾಳಾಗುವುದು ತಪ್ಪಿ ದೊಡ್ಡ ಮ್ಯೂಸಿಯಮ್ಮಿಗೆ ಹೋಗುತ್ತಿವೆ ಎಂದು ಮೇಷ್ಟ್ರು ನಂಬಿದ್ದಾರೆ. ಅವು ಯಾರದೋ ಮನೆಯ ಹಾಲಿಗೆ ಹೋಗುತ್ತಿರುವುದು ವಿಕ್ರಮನಿಗೆ ಗೊತ್ತು, ಮಂಗಳೂರಿನಲ್ಲಿ ಕಾಗದ ನೋಡಿಕೊಳ್ಳುವ ಶೈಲಜಾಗೂ ಗೊತ್ತು.

ತಂಡದ ಒಬ್ಬೊಬ್ಬರೂ ‘ನಾವು ಮಾಡುತ್ತಿರುವುದು ಏನು?’ ಎಂಬ ಪ್ರಶ್ನೆಗೆ ಬೇರೆಬೇರೆ ಉತ್ತರ ಕೊಡುವಂತೆ ನೋಡಿಕೊಳ್ಳಿ. ಈ ಇಡೀ ಲೇಖನದಲ್ಲಿ ಒಂದನ್ನೇ ಮಾಡಿ ನೋಡುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಆಟಗಾರರು ಮೇಷ್ಟ್ರ ಮನೆಗೆ ಹೋಗಿ ಹರಾಜು ಕ್ಯಾಟಲಾಗಿನ ಒಂದು ಫೋಟೊ ಅವರ ಮುಂದಿಟ್ಟರೆ ಸಾಕು, ಒಂದೇಟೂ ಹೊಡೆಯದೆ ತಂಡ ಒಡೆಯುತ್ತದೆ. ಅದು ಒಡೆಯುವುದನ್ನು ನೋಡಿದ ಆಟಗಾರರು ಮುಂದಿನ ಸಲ ಮೊದಲು ಮಾತಾಡುತ್ತಾರೆ, ಆಮೇಲೆ ಗುದ್ದಾಡುತ್ತಾರೆ.

‘ಡೆಲ್ಟಾ ಗ್ರೀನ್’ನಲ್ಲಿ ಆಟಗಾರರ ಪಾತ್ರಗಳಿಗೆ ‘ಬಾಂಡ್’ ಎಂಬ ನಿಯಮವಿದೆ: ಹೆಂಡತಿ, ತಮ್ಮ, ಹಳೆಯ ಗೆಳೆಯ ಹೀಗೆ ಕೆಲಸದಾಚೆಯ ನಂಟುಗಳಿಗೆ ಅಂಕ. ಕೆಲಸದ ಭೀಕರತೆ ಮನಸ್ಸನ್ನು ತಿಂದಂತೆಲ್ಲ ಆ ಅಂಕ ಕರಗುತ್ತದೆ. ಎನ್‌ಪಿಸಿಗೆ ಅಂಕ ಬೇಡ, ಆದರೆ ತಂಡದಾಚೆಯ ಒಬ್ಬ ವ್ಯಕ್ತಿಯ ಹೆಸರು ಕಾರ್ಡಿನ ಹಿಂದೆ ಇರಲಿ. ರಂಗಪ್ಪನ ಕಾರ್ಡಿನ ಹಿಂದೆ ಅವನ ಮಗಳ ಹೆಸರಿದ್ದರೆ, ಆಟಗಾರರು ಅವನ ಮನೆಯ ಬಾಗಿಲು ತಟ್ಟಿದಾಗ ತೆರೆಯುವವರು ಯಾರೆಂದು ನೀವು ಯೋಚಿಸಬೇಕಾಗಿಲ್ಲ.

ದನಿ

ಕನ್ನಡದಲ್ಲಿ ಆಡುವವರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಯಾರು ಯಾರಿಗೆ ‘ನೀನು’ ಅನ್ನುತ್ತಾರೆ, ಯಾರು ‘ನೀವು’ ಅನ್ನುತ್ತಾರೆ ಎಂದು ಗೊತ್ತುಮಾಡಿಕೊಂಡರೆ ತಂಡದ ಮೇಲುಕೀಳು ಒಂದು ಮಾತೂ ವಿವರಿಸದೆ ಕಾಣುತ್ತದೆ. ಮೇಷ್ಟ್ರು ‘ಲೋ ಸೀನ’ ಅನ್ನುತ್ತಾರೆ, ಸೀನ ‘ಮೇಷ್ಟ್ರೇ, ನೀವು ಗಾಡಿ ಹತ್ರ ಬರ್ಬೇಡಿ’ ಅನ್ನುತ್ತಾನೆ. ವಯಸ್ಸಿನಲ್ಲಿ ಹಿರಿಯನಾದ ರಂಗಪ್ಪನನ್ನು ಸೀನ ‘ರಂಗಪ್ಪಣ್ಣ’ ಎಂದು ಕರೆದರೆ, ಮೂವತ್ತರ ವಿಕ್ರಮ್ ‘ರಂಗಪ್ಪಾ, ಬೇಗ ಬಾ’ ಅನ್ನುತ್ತಾನೆ. ಆಟಗಾರರು ಇದನ್ನು ಒಮ್ಮೆ ಕೇಳಿಸಿಕೊಂಡರೆ ಸಾಕು, ತಂಡದಲ್ಲಿ ಯಾರನ್ನು ತಮ್ಮ ಕಡೆಗೆ ಸೆಳೆಯಬಹುದು ಎಂದು ಲೆಕ್ಕ ಹಾಕುತ್ತಾರೆ.

ಸೀಮೆಯ ಮಾತನ್ನೂ ಬಳಸಿ, ಆದರೆ ನಿಮ್ಮ ನಾಲಿಗೆಗೆ ಒಗ್ಗಿದ್ದನ್ನು ಮಾತ್ರ. ಶೈಲಜಾ ಫೋನಿನಲ್ಲಿ ‘ಕಾಗದ ಎಲ್ಲ ಸರಿ ಉಂಟು ಮಾರಾಯ್ರೆ, ನೀವು ಗಡಿಬಿಡಿ ಮಾಡ್ಬೇಡಿ’ ಅಂದರೆ ಹೆಸರು ಹೇಳದಿದ್ದರೂ ಯಾರೆಂದು ಗೊತ್ತಾಗುತ್ತದೆ. ಬಾರದ ಸೀಮೆಯ ಮಾತನ್ನು ಎಳೆದು ತಂದರೆ ಅದು ಅಣಕದಂತೆ ಕೇಳುತ್ತದೆ. ಅಂಥವರಿಗೆ ಮಾತಿನ ವೇಗ, ಮೌನ, ಪ್ರಶ್ನೆಗೆ ಪ್ರಶ್ನೆಯಲ್ಲೇ ಉತ್ತರಿಸುವ ಅಭ್ಯಾಸ ಸಾಕು.

ತಂಡಕ್ಕೊಂದು ಪದ್ಧತಿ

ಇಂದಿನ ಕಾಲದ ಆಟವನ್ನು ಹಳೆಯ ಕಾಲದ ಆಟದಿಂದ ಬೇರೆ ಮಾಡುವುದು ಮೊಬೈಲ್. ಒಬ್ಬ ಸಿಕ್ಕಿಬಿದ್ದರೆ ಉಳಿದವರಿಗೆ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಹಾಗಾಗಿ ಮೂರು ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡಿ: ಇವರು ಹೇಗೆ ಮಾತಾಡಿಕೊಳ್ಳುತ್ತಾರೆ? ಹಣ ಹೇಗೆ ಕೈಬದಲಾಗುತ್ತದೆ? ಒಬ್ಬರ ಸುದ್ದಿ ಬಾರದಿದ್ದರೆ ಏನು ಮಾಡುತ್ತಾರೆ?

ನಮ್ಮ ತಂಡದಲ್ಲಿ ಸೀನ ಘಟ್ಟ ಇಳಿದ ಮೇಲೆ ಶೈಲಜಾಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಅದು ಬಾರದಿದ್ದರೆ ಅವಳು ಆ ಸರಕಿನ ಬುಕಿಂಗ್ ರದ್ದು ಮಾಡಿ ಯಾರಿಗೂ ಹೇಳದೆ ಊರು ಬಿಡುತ್ತಾಳೆ. ರಂಗಪ್ಪನ ಕೂಲಿ ನಗದು, ಯಾಕೆಂದರೆ ವಿಕ್ರಮ್ ಯುಪಿಐನಲ್ಲಿ ಗುರುತು ಬಿಡುವುದಿಲ್ಲ. ಆದರೆ ಸೀನನ ಗಾಡಿಗೆ ಫಾಸ್ಟ್ಯಾಗ್ ಇದೆ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ 2021ರ ಫೆಬ್ರವರಿಯಿಂದ ಅದು ಕಡ್ಡಾಯ. ಟೆಂಪೊ ಯಾವ ರಾತ್ರಿ ಯಾವ ಟೋಲ್ ದಾಟಿತು ಎಂಬುದು ದಾಖಲೆಯಲ್ಲಿ ಉಳಿದಿರುತ್ತದೆ, ಸಬ್ ಇನ್‌ಸ್ಪೆಕ್ಟರ್ ಆಡುವವರಿಗೆ ಅದೇ ಸುಳಿವು. ತಂಡ ಎಷ್ಟು ಜಾಣತನ ಮಾಡಿದರೂ ಒಂದು ಗುರುತು ಉಳಿಯಲೇಬೇಕು. ಪೂರ್ತಿ ಗುರುತಿಲ್ಲದ ತಂಡವನ್ನು ಹುಡುಕಲು ದಾರಿಯಿಲ್ಲ, ದಾರಿಯಿಲ್ಲದಿದ್ದರೆ ಆಟವಿಲ್ಲ.

ಆಟಗಾರರು ಎದುರಿಲ್ಲದಾಗಲೂ ತಂಡ ಕೆಲಸ ಮಾಡುತ್ತಿರಬೇಕು. ಅದಕ್ಕೆ ‘ಅಪೋಕ್ಯಾಲಿಪ್ಸ್ ವರ್ಲ್ಡ್’ (2010), ‘ಬ್ಲೇಡ್ಸ್ ಇನ್ ದ ಡಾರ್ಕ್’ (2017) ಆಟಗಳಲ್ಲಿರುವ ಗಡಿಯಾರದ ಉಪಾಯ ಒಳ್ಳೆಯದು. ಒಂದು ವೃತ್ತ ಬರೆದು ಆರು ಭಾಗ ಮಾಡಿ: ಗುಡಿ ಗೊತ್ತುಮಾಡುವುದು, ಕಲ್ಲು ಬಿಡಿಸುವುದು, ಬಚ್ಚಿಡುವುದು, ಕಾಗದ ಮಾಡಿಸುವುದು, ಬಂದರಿಗೆ ಒಯ್ಯುವುದು, ಹಡಗು ಹೊರಡುವುದು. ಆಟಗಾರರು ಒಂದು ದಿನ ಕಳೆದಾಗಲೆಲ್ಲ ಒಂದು ಭಾಗಕ್ಕೆ ಬಣ್ಣ ತುಂಬಿ, ಅವರಿಗೆ ಕಾಣುವಂತೆಯೇ. ವೃತ್ತ ತುಂಬುತ್ತ ಬಂದಂತೆ ಮೇಜಿನ ಸುತ್ತ ಹರಟೆ ತಾನಾಗಿ ನಿಲ್ಲುತ್ತದೆ.

ಕೊನೆಗೆ ಅಂಕಿ

ನೂರರ ದಾಳದ ಆಟಗಳಲ್ಲಿ, ಅಂದರೆ ‘ಕಾಲ್ ಆಫ್ ಕ್ತುಲು’, ‘ಡೆಲ್ಟಾ ಗ್ರೀನ್’ ಬಗೆಯವುಗಳಲ್ಲಿ, ಎನ್‌ಪಿಸಿಗೆ ಮೂರು ಅಂಕಿ ಸಾಕು: ತನ್ನ ಕಸುಬಿನಲ್ಲಿ 60, ಅಷ್ಟಿಷ್ಟು ಗೊತ್ತಿರುವುದರಲ್ಲಿ 40, ಉಳಿದದ್ದರಲ್ಲಿ 20. ವಿಕ್ರಮ್ ಇಟ್ಟುಕೊಂಡಿರುವ ಗೋದಾಮಿನ ಕಾವಲಿನವರಿಗೆ ಕಾರ್ಡೂ ಬೇಡ. ರಾಬಿನ್ ಲಾಸ್ ಅವರ ‘ಫೆಂಗ್ ಶೂಯಿ’ (1996) ಹೆಸರಿಲ್ಲದ ಅಂಥ ಆಳುಗಳನ್ನು ಒಂದೇ ಒಳ್ಳೆಯ ಏಟಿಗೆ ಬೀಳಿಸಿತು. ‘ಸ್ಯಾವೇಜ್ ವರ್ಲ್ಡ್ಸ್’ (2003) ಮುಖ್ಯ ಪಾತ್ರಕ್ಕೂ ಗುಂಪಿನ ಆಳಿಗೂ ನಿಯಮದಲ್ಲೇ ಗೆರೆ ಎಳೆಯಿತು. ನಿಮ್ಮ ಆಟದ ನಿಯಮ ಯಾವುದೇ ಇರಲಿ, ಈ ಗೆರೆಯನ್ನು ನೀವೂ ಎಳೆದುಕೊಳ್ಳಿ. ಆದರೆ ಆಟಗಾರರು ಒಬ್ಬ ಕಾವಲುಗಾರನ ಹೆಸರು ಕೇಳಿದರೆ, ಆ ಕ್ಷಣದಿಂದ ಅವನಿಗೊಂದು ಕಾರ್ಡು ಕೊಡಿ.

ಮಿತ್ರ ತಂಡವಾದರೆ

ಆಟಗಾರರಿಗೆ ನೆರವಾಗುವ ತಂಡವನ್ನೂ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದವರನ್ನೋ ಸುದ್ದಿಮನೆಯವರನ್ನೋ, ಇದೇ ಕ್ರಮದಲ್ಲಿ ಕಟ್ಟಬಹುದು. ಒಂದೇ ಎಚ್ಚರ: ಆಟಗಾರರ ಪಾತ್ರಗಳಿಗೆ ಯಾವ ವಿದ್ಯೆ ಇದೆಯೋ ಅದನ್ನು ಮಿತ್ರ ತಂಡಕ್ಕೆ ಕೊಡಬೇಡಿ. ಶಾಸನತಜ್ಞನಾಗಿ ಆಡುವವರು ಮೇಜಿನಲ್ಲಿರುವಾಗ ಶಾಸನ ಓದುವ ಎನ್‌ಪಿಸಿ ಬಂದರೆ ಆಟಗಾರರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಸೆಷನ್ ಮುಗಿದ ಮೇಲೆ

ಎಲ್ಲರೂ ಎದ್ದು ಹೋಗುವ ಮೊದಲೇ ಕಾರ್ಡುಗಳನ್ನು ತಿದ್ದಿ, ಮರುದಿನಕ್ಕೆ ಇಡಬೇಡಿ. ಯಾರು ಸಿಕ್ಕಿಬಿದ್ದರು, ಯಾರಿಗೆ ಆಟಗಾರರ ಮುಖ ಗೊತ್ತಾಯಿತು, ಯಾವ ಗುಟ್ಟು ಬಯಲಾಯಿತು ಎಂಬುದನ್ನು ಹಿಂಭಾಗದಲ್ಲಿ ಬರೆಯಿರಿ. ಒಬ್ಬರು ಹೋದರೆ ಅವರ ಕೆಲಸ ಯಾರ ಹೆಗಲಿಗೆ ಬಿತ್ತು ಎಂದು ಗುರುತಿಸಿ. ಸೀನನ ಬಂಧನವಾದರೆ ಗಾಡಿ ಓಡಿಸಲು ರಂಗಪ್ಪನೇ ಕೂರಬೇಕು. ಕಲ್ಲಿನಲ್ಲಿ ಅವನಿಗೆ 60 ಇದ್ದರೂ ಸ್ಟೀರಿಂಗ್ ಹಿಡಿದಾಗ 20 ಅಷ್ಟೇ. ಮುಂದಿನ ಸೆಷನ್ನಿನ ಮೊದಲ ದಾಳವನ್ನು ಶಿರಾಡಿ ಘಾಟಿಯ ತಿರುವಿನಲ್ಲಿ ಅವನ ಪರವಾಗಿ ನೀವು ಉರುಳಿಸಬಹುದು.