ರಾಶಿ ದುಡ್ಡು, ಹೂಗಳ ಕಣಿವೆ

‘ಸಾಲಾ ಮಾಡಿ ಗುಡ್ಡಾ ನೋಡ್ಲಾಕ ಹೊಂಟೀ ಏನೋ ತಮ್ಮಾ?’

ಬಸವಕಲ್ಯಾಣದ ಅಕ್ಕ ಹೀಗೆ ಕೇಳಿದಾಗ ಬ್ಯಾಂಕ್ ಸಾಲದ ಅರ್ಜಿ ನನ್ನ ಚೀಲದಲ್ಲೇ ಇತ್ತು. ಉತ್ತರಾಖಂಡದ ಹೂಗಳ ಕಣಿವೆ ನೋಡಬೇಕೆಂಬುದು ನಾನೂ ನನ್ನ ಹೆಂಡತಿಯೂ ವರ್ಷಗಳಿಂದ ಇಟ್ಟುಕೊಂಡು ಬಂದ ಆಸೆ. 50 ಸಾವಿರ ಸಾಲ, ಶೇ 14 ಬಡ್ಡಿ, 24 ಕಂತು. ಹುಮನಾಬಾದಿಗೆ ಮರಳುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ತಿಂಗಳಿಗೆ 2,400 ಕಟ್ಟಬೇಕು, ಬಡ್ಡಿಯೇ 7,600 ಆಗುತ್ತದೆ. ಮನೆಗೆ ಬಂದವನೇ ಅರ್ಜಿ ಹರಿದೆ.

ಅದೇ ವಾರ ತಿಂಗಳಿಗೆ 2,000ದಂತೆ ಎರಡು ವರ್ಷದ ಆರ್‌ಡಿ ತೆರೆದೆ. ಪಗಾರ ಬಿದ್ದ ಮರುದಿನವೇ ಹಣ ಕಡಿತವಾಗುವಂತೆ ಬರೆದುಕೊಟ್ಟೆ. 48,000 ಕಟ್ಟಿದ್ದಕ್ಕೆ ಶೇ 6.5ರ ಲೆಕ್ಕದಲ್ಲಿ ಸುಮಾರು 3,400 ಬಡ್ಡಿ ಬಂತು. ಕೊಡಬೇಕಿದ್ದ ಬಡ್ಡಿ ಉಳಿದು, ಮೇಲೆ ಬಡ್ಡಿ ಬಂದು, ಒಟ್ಟು 11 ಸಾವಿರದ ಅಂತರ. ಕಾಯ್ದ ಎರಡು ವರ್ಷದ ಬೆಲೆ ಅದು.

ಅಕ್ಕ–ಭಾವನೂ ಬರುತ್ತೇವೆಂದರು. ಆದರೆ ಒಕ್ಕಲುತನದ ಮನೆಗೆ ಆರ್‌ಡಿ ಒಗ್ಗುವುದಿಲ್ಲ. ಅವರ ಕೈಯಲ್ಲಿ ರೊಕ್ಕ ಕಾಣುವುದು ದಸರಾ–ದೀಪಾವಳಿ ಹೊತ್ತಿಗೆ ಸೋಯಾ ಮಾರಿದಾಗ, ಆಮೇಲೆ ತೊಗರಿ ರಾಶಿಯಾದಾಗ. ನಡುವಿನ ತಿಂಗಳಲ್ಲಿ ಕಂತು ತಪ್ಪಿದರೆ ದಂಡ ಬೀಳುತ್ತದೆ. ಹಾಗಾಗಿ ಅಡತ್ ಅಂಗಡಿಯಿಂದ ಮಾಲು ಮಾರಿದ ಪಟ್ಟಿ ಬಂದಾಗಲೆಲ್ಲ, ಬೀಜ–ಗೊಬ್ಬರದ ದುಡ್ಡು ಬೇರೆ ತೆಗೆದಿಟ್ಟು, ಅಕ್ಕ ಒಂದೊಂದು ಸಣ್ಣ ಎಫ್‌ಡಿ ಮಾಡಿಸಿದಳು. ಎರಡು ವರ್ಷದಲ್ಲಿ ನಾಲ್ಕು ರಸೀದಿ. ಜೋಳದ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲಕ್ಕೆ ದಾರ ಸುತ್ತಿ ಇಟ್ಟಿದ್ದಳು.

ಹೊಲದ ಕಳೆ ಮುಗಿಸಿ ಆಗಸ್ಟಿನಲ್ಲಿ ಹೊರಟೆವು. ಕಲಬುರಗಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದಿಲ್ಲಿ, ಮುಂದೆ ಹರಿದ್ವಾರ, ಜೋಶಿಮಠ, ಗೋವಿಂದಘಾಟ್. ಮೇಲೆ ಬೇಕಾದ ನಗದನ್ನು ಜೋಶಿಮಠದಲ್ಲೇ ತೆಗೆದುಕೊಂಡೆವು. ಸಿಖ್ಖರ ಹೇಮಕುಂಡ ಸಾಹಿಬ್ ಯಾತ್ರೆಯ ದಾರಿಯೂ ಅದೇ ಆದ್ದರಿಂದ ಗೋವಿಂದಘಾಟಿನಲ್ಲೂ ಅದರ ಮೇಲಿನ ಘಾಂಗ್ರಿಯಾದಲ್ಲೂ ಗುರುದ್ವಾರಗಳಿವೆ. ಬೀದರಿನ ನಾನಕ್ ಝೀರಾದಲ್ಲಿ ಉಂಡವರಿಗೆ ಲಂಗರ್ ಹೊಸದಲ್ಲ. ಉಂಡೆವು, ನಮ್ಮ ಶಕ್ತಿಯಷ್ಟು ಹುಂಡಿಗೆ ಹಾಕಿದೆವು. ದಾಸೋಹದ ಊರಿನವರು ಪುಕ್ಕಟೆ ಉಂಡು ಉಳಿತಾಯವೆಂದು ಬರೆದುಕೊಳ್ಳಬಾರದು.

ಘಾಂಗ್ರಿಯಾದ ಎತ್ತರ ಸುಮಾರು 10 ಸಾವಿರ ಅಡಿ. ಬಸವಕಲ್ಯಾಣದ್ದು ಎರಡು ಸಾವಿರ. ಅಲ್ಲಿಗೆ ಹತ್ತಲು ಮಂಡಿನೋವಿನ ಭಾವನಿಗೆ ಹೇಸರಗತ್ತೆ ಹಿಡಿದೆವು, ಆ ಖರ್ಚಿಗೆ ಯಾರೂ ಮುಖ ಸಿಂಡರಿಸಲಿಲ್ಲ. ಮರುದಿನ ಕಣಿವೆ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾದ ಇದು 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಒಳಗೆ ರಾತ್ರಿ ತಂಗುವಂತಿಲ್ಲ. ನಮ್ಮ ಕಡೆ ಮಳೆಗಾಲದ ಹಳ್ಳ ಕೆಂಪಗೆ ಹರಿಯುತ್ತದೆ, ಪುಷ್ಪಾವತಿ ನದಿ ಮಜ್ಜಿಗೆಯ ಬಣ್ಣದಲ್ಲಿ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಿತ್ತು. ಅಕ್ಕ ಕುಕ್ಕರಗಾಲಲ್ಲಿ ಕೂತು ಕೈ ಅದ್ದಿದಳು, ಚುರುಕ್ಕೆಂದು ಎಳೆದುಕೊಂಡಳು. ಎದೆಯೆತ್ತರದ ಗುಲಾಬಿ ಬಣ್ಣದ ಹೂಗಿಡ ತೋರಿಸಿ, ‘ನಮ್ಮ ಗೌರಿ ಹೂವಿನ ಬಳಗ ಇದು’ ಅಂದಳು. ನಿಜ, ಅದೇ ಜಾತಿ.

ಇಳಿಯುವಾಗ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಪೀಪಲ್‌ಕೋಟಿಯಲ್ಲಿ ಎರಡು ರಾತ್ರಿ ಕಳೆದೆವು, ರೈಲು ತಪ್ಪಿತು. ಹಳೆಯ ಟಿಕೆಟ್ಟನ್ನು ರೈಲು ಹೊರಡುವ ಮೊದಲೇ ಫೋನಿನಲ್ಲಿ ರದ್ದು ಮಾಡಿದ್ದರಿಂದ ಸ್ವಲ್ಪ ವಾಪಸಾಯಿತು. ಹೊಸ ತತ್ಕಾಲ್ ಟಿಕೆಟ್, ಕೋಣೆ, ಊಟ ಸೇರಿ ನಮ್ಮಿಬ್ಬರಿಗೆ 8,000 ಹೆಚ್ಚಿಗೆ ಹೋಯಿತು. ಹೊರಡುವಾಗಲೇ 10,000 ರೂಪಾಯಿಯನ್ನು ಮುಟ್ಟಬಾರದೆಂದು ಬೇರೆ ಇಟ್ಟಿದ್ದೆವು, ಅದರಿಂದಲೇ ಕೊಟ್ಟೆವು. ಮಳೆಗಾಲದ ಹಿಮಾಲಯಕ್ಕೆ ಇಂಥ ಗಂಟು ಇಲ್ಲದೆ ಯಾರೂ ಹೊರಡಬೇಡಿ. ಎರಡು ದಿನದ ರಜೆಯನ್ನೂ ಕೈಯಲ್ಲಿ ಇಟ್ಟುಕೊಳ್ಳಿ.

ಕಣಿವೆ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ, ಹೂವು ತುಂಬುವುದು ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ. ಹೋಗುವ ಮನಸ್ಸಿದ್ದವರು ಈ ಸಲದ ಸೋಯಾ ಪಟ್ಟಿಯಿಂದಲೇ ಮೊದಲ ಎಫ್‌ಡಿ ಮಾಡಿಸಿ.