ಅಂಚಿಗೆ ಒಂದು ದಿನ ಕೊಡಿ

ದುಬೈನ ಅಲ್ ಕುಸೈಸ್‌ನ ಮನೆಗಳಲ್ಲಿ ಕೌದಿಗೆ ರಜೆ ಎಂಬುದೇ ಇಲ್ಲ. ಧಾರವಾಡದ ಕಡೆ ಮಳೆಗಾಲ, ಚಳಿಗಾಲ ಕಳೆದ ಮೇಲೆ ಅದನ್ನು ಬಿಸಿಲಿಗೆ ಹಾಕಿ, ಮಡಿಸಿ, ಟ್ರಂಕಿನೊಳಗೆ ಇಡುತ್ತೇವೆ. ಇಲ್ಲಿ ಹೊರಗೆ 45 ಡಿಗ್ರಿ ಬಿಸಿಲು ಹೊಡೆಯುತ್ತಿರುವಾಗಲೂ ಒಳಗೆ ಏಸಿಯ ಗಾಳಿಗೆ ಮಕ್ಕಳು ಮುದುಡಿ ಮಲಗಿರುತ್ತಾರೆ. ಹನ್ನೆರಡು ತಿಂಗಳೂ ಹೊದೆಯುವ, ಮೇಲಿಂದ ಮೇಲೆ ವಾಷಿಂಗ್ ಮಷೀನಿಗೆ ಬೀಳುವ ಕೌದಿಯಲ್ಲಿ ಮೊದಲು ಸವೆಯುವುದು ಅಂಚು. ನಿದ್ದೆಗಣ್ಣಿನಲ್ಲಿ ಕೈ ಹುಡುಕಿ ಎಳೆದುಕೊಳ್ಳುವುದು ಅಂಚನ್ನು, ಮಗು ಬಾಯಲ್ಲಿ ಕಚ್ಚಿಕೊಳ್ಳುವುದು ಅಂಚನ್ನು, ನೆಲಕ್ಕೆ ಉಜ್ಜುವುದೂ ಅದೇ. ಹಾಗಾಗಿ ಇವತ್ತು ಚೌಕ, ತ್ರಿಕೋನ, ಬಣ್ಣದ ಹೊಂದಾಣಿಕೆ ಎಲ್ಲ ಬದಿಗಿಟ್ಟು ಅಂಚುಪಟ್ಟಿಯ ಬಗ್ಗೆ ಮಾತ್ರ ನಿಮಗೆ ಹೇಳಬೇಕು ಅಂದುಕೊಂಡಿದ್ದೇನೆ.

ನೀವು ಹೊಲಿದ ಕೌದಿಗಳನ್ನು ನೋಡುತ್ತಿರುತ್ತೇನೆ. ಅಮ್ಮನ ಇಳಕಲ್ ಸೀರೆ, ಮಗಳು ಬಿಟ್ಟ ಶಾಲೆಯ ಯೂನಿಫಾರ್ಮು, ಅಪ್ಪನ ಅಂಗಿ, ಎಲ್ಲವನ್ನೂ ಪ್ರೀತಿಯಿಂದ ಆರಿಸಿ ಜೋಡಿಸಿರುತ್ತೀರಿ. ನಡುವಿನ ಹೊಲಿಗೆ ನೋಡಿದರೆ ಕಣ್ಣು ತಣಿಯುತ್ತದೆ. ಅಂಚಿಗೆ ಬಂದರೆ ಮಾತ್ರ ಬೇರೆ ಯಾರೋ ಹೊಲಿದ ಹಾಗೆ. ಒಂದು ಕಡೆ ಪಟ್ಟಿ ಅಗಲ, ಇನ್ನೊಂದು ಕಡೆ ಸಪೂರ, ಮೂಲೆಗಳಲ್ಲಿ ಗಂಟು, ಹಿಂಬದಿಯಲ್ಲಿ ಹೊಲಿಗೆ ತಪ್ಪಿ ಬಾಯಿ ಬಿಟ್ಟ ಜಾಗ. ಕೈ ಬಾರದೆ ಹೀಗಾಗುವುದಿಲ್ಲ, ದಣಿದು ಆಗುತ್ತದೆ. ತಿಂಗಳುಗಟ್ಟಲೆ ದುಡಿದವರಿಗೆ ಕೊನೆಗೆ ಒಂದೇ ಆತುರ, ಇವತ್ತು ರಾತ್ರಿ ಮುಗಿಸಿ ಹೊದ್ದುಕೊಂಡೇ ಮಲಗಬೇಕು ಎಂದು.

ಹಿಂದಿನವರು ಈ ತೊಂದರೆಗೆ ಸಿಕ್ಕಲಿಲ್ಲ, ಯಾಕೆಂದರೆ ಅವರು ಅಂಚಿನಿಂದಲೇ ಶುರು ಮಾಡುತ್ತಿದ್ದರು. ಹಳೆ ಸೀರೆ, ಪಂಚೆ ಪದರ ಪದರವಾಗಿ ಹಾಸಿ, ಅಂಚನ್ನು ಮಡಿಚಿ, ಹೊರಗಿನ ಸುತ್ತಿನಿಂದ ಸೂಜಿ ಹೊರಟರೆ ಸುತ್ತುತ್ತ ಸುತ್ತುತ್ತ ನಡುಮಧ್ಯಕ್ಕೆ ಬಂದು ನಿಲ್ಲುತ್ತಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಇವತ್ತಿಗೂ ತಮ್ಮ ಕೌದಿಯಾದ ಕವಂದವನ್ನು ಹೀಗೇ ಹೊಲಿಯುತ್ತಾರೆ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಅವರಲ್ಲಿ ಅನೇಕರು. ಕವಂದದ ನಾಲ್ಕು ಮೂಲೆಗೂ ಬಟ್ಟೆಯ ತುಂಡು ಮಡಿಚಿ ಹೂವಿನಂತೆ ಕೂರಿಸುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕವಂದ ಬೆತ್ತಲೆ ಎಂಬುದು ಅವರ ಮಾತು. 2004ರಲ್ಲಿ ಈ ಹೆಣ್ಣುಮಕ್ಕಳ ಸಹಕಾರ ಸಂಘ ಕಟ್ಟಲು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ನೆರವಾದರು. 2011ರಲ್ಲಿ ನ್ಯೂಯಾರ್ಕ್‌ನ ಶೋಂಬರ್ಗ್ ಕೇಂದ್ರದಲ್ಲಿ ಆ ಕೌದಿಗಳ ಪ್ರದರ್ಶನವೂ ನಡೆಯಿತು. ಸಾಲಾಗಿ ತೂಗುಹಾಕಿದ ಕವಂದಗಳ ಮೂಲೆ ನೋಡಿದರೆ ತಿಳಿಯುತ್ತದೆ, ಮುಗಿಸುವ ಕೆಲಸಕ್ಕೆ ಅವರು ಎಷ್ಟು ಮನಸ್ಸು ಕೊಟ್ಟಿದ್ದಾರೆ ಎಂದು.

ನೀವು ಮಷೀನಿನಲ್ಲಿ ಹೊಲಿಯುವವರು. ಪದರಗಳು ಕೂಡಿ, ನಡುವಿನ ಹೊಲಿಗೆ ಮುಗಿದು, ಬದಿ ಕತ್ತರಿಸಿದ ಮೇಲೆಯೇ ನಿಮಗೆ ಅಂಚು ಬರುವುದು. ಆ ಕ್ರಮವನ್ನು ಬದಲಿಸಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಅಂಚಿಗೆ ಬೇರೆಯೇ ಒಂದು ದಿನ ಇಡಿ. ಹಿಂದಿನ ರಾತ್ರಿ ಕೌದಿಯ ಕೆಲಸ ನಿಲ್ಲಿಸಿ ಮಲಗಿ, ಬೆಳಿಗ್ಗೆ ಹೊಸ ಕಣ್ಣಿನಿಂದ ಕೂತುಕೊಳ್ಳಿ. ಇದೊಂದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಕಲಿಯುವ ವಿಷಯ.

ಮಷೀನಿನಲ್ಲಿ ಅಂಚು ಹೊಲಿದರೆ ಅದು ಕೌದಿಯೇ ಅಲ್ಲ ಎಂದು ಹೇಳುವವರು ನಿಮಗೆ ಸಿಗುತ್ತಾರೆ. ಗೌರವದಿಂದ ಕೇಳಿಸಿಕೊಳ್ಳಿ, ಆದರೆ ಎದೆಗುಂದಬೇಡಿ. ಕೈಹೊಲಿಗೆಯಲ್ಲಿ ಓಡುವುದು ಒಂದೇ ದಾರ. ಮಷೀನಿನಲ್ಲಿ ಮೇಲಿನ ದಾರವೂ ಬಾಬಿನ್ ದಾರವೂ ಪ್ರತಿ ಹೊಲಿಗೆಯಲ್ಲಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಗೋಡೆಗೆ ತೂಗುಹಾಕುವ ಕೌದಿಗೆ ಕೈಹೊಲಿಗೆಯ ಅಂಚು ಚೆಂದ, ಮಕ್ಕಳು ಹೊದ್ದು ಎಳೆದಾಡುವ ಕೌದಿಗೆ ಮಷೀನೇ ಸರಿ. ಊರಿನಿಂದ ತಂದ ಹಳೆಯ ಕರಿ ಮಷೀನಾದರೂ ಸಾಕು, ನೇರ ಹೊಲಿಗೆಯಲ್ಲಿ ಅದನ್ನು ಮೀರಿಸುವುದು ಕಷ್ಟ. ಊರಿನ ಮೋಟಾರು ಇಲ್ಲಿಯ ಕರೆಂಟಿಗೂ ಹೊಂದುತ್ತದೆ, ಪ್ಲಗ್ ಮಾತ್ರ ಬದಲಿಸಬೇಕು. ಅಮೆರಿಕದ ನೆಂಟರು ತಂದುಕೊಟ್ಟ ಮಷೀನಾದರೆ ಅದರ ಬೆನ್ನಿನ ಚೀಟಿ ಓದದೆ ಸ್ವಿಚ್ ಒತ್ತಬೇಡಿ, ಅಲ್ಲಿಯ ಕರೆಂಟು 120 ವೋಲ್ಟಿನದು, ನಮ್ಮದು ಅದರ ಸುಮಾರು ಎರಡು ಪಟ್ಟು.

ಪಟ್ಟಿಗೆ ಎಂಥ ಬಟ್ಟೆ? ಇಲ್ಲಿ ನಿಮ್ಮ ಮನಸ್ಸು ಊರಿನ ಕಡೆ ಎಳೆಯುತ್ತದೆ ಎಂದು ಬಲ್ಲೆ. ಗುಳೇದಗುಡ್ಡದ ಖಣವನ್ನೋ ಇಳಕಲ್ ಸೀರೆಯ ಸೆರಗನ್ನೋ ಅಂಚಿಗೆ ಹಾಕುವ ಆಸೆ. ಬೇಡ. ಖಣದ ನುಣುಪು ನೂಲು ಬಿಚ್ಚಿಕೊಳ್ಳುತ್ತದೆ, ಹಳೆ ಸೀರೆಯ ಸೆರಗು ಆಗಲೇ ಅರ್ಧ ಆಯುಷ್ಯ ಕಳೆದಿರುತ್ತದೆ. ಅವಕ್ಕೆ ಕೌದಿಯ ನಡುವೆ ಮರ್ಯಾದೆಯ ಜಾಗ ಕೊಡಿ. ಅಂಚಿಗೆ ಹೊಸದಾದ, ಒತ್ತಾಗಿ ನೇಯ್ದ ಹತ್ತಿಯ ಬಟ್ಟೆಯೇ ಬೇಕು. ಮೆಟ್ರೋದ ಹಸಿರು ಮಾರ್ಗದಲ್ಲಿ ಅಲ್ ಕುಸೈಸ್‌ನಿಂದ ಹೊರಟರೆ ಗಾಡಿ ಬದಲಿಸದೆ ಅಲ್ ಘುಬೈಬಾದಲ್ಲಿ ಇಳಿಯಬಹುದು, ಅಲ್ಲಿಂದ ಬರ್ ದುಬೈನ ಬಟ್ಟೆಪೇಟೆ ಹತ್ತಿರ. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬದಿಯ ದೀಪ ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಅಂಚಿಗಾಗದು. ತಂದ ಕೂಡಲೇ ಬಿಸಿನೀರಿನಲ್ಲಿ ಒಮ್ಮೆ ಒಗೆಯಿರಿ. ದುಬೈನಲ್ಲಿ ಬಾಲ್ಕನಿಗೆ ಬಟ್ಟೆ ತೂಗುಹಾಕಬೇಡಿ ಎಂದು ಪಾಲಿಕೆ ಪದೇಪದೇ ಎಚ್ಚರಿಸುತ್ತದೆ, ಹಾಗಾಗಿ ಅನೇಕ ಮನೆಗಳಲ್ಲಿ ಕೌದಿ ಒಣಗುವುದು ಡ್ರೈಯರಿನ ಬಿಸಿಯಲ್ಲಿ. ಮೊದಲೇ ಕುಗ್ಗಿಸದ ಪಟ್ಟಿ ಅಲ್ಲಿ ಕುಗ್ಗಿತೆಂದರೆ ಇಡೀ ಅಂಚು ಸುರುಟಿಕೊಳ್ಳುತ್ತದೆ. ಕೆಂಪು, ಕಡುನೀಲಿ ಬಟ್ಟೆಯಾದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ.

ಲೆಕ್ಕ ಸುಲಭ. 5 ಅಡಿ ಅಗಲ, 7 ಅಡಿ ಉದ್ದದ ಕೌದಿಯ ಸುತ್ತಳತೆ 288 ಇಂಚು. ಮೂಲೆಗೂ ಕೊನೆಯ ಜೋಡಣೆಗೂ 12 ಇಂಚು ಸೇರಿಸಿದರೆ 300. 44 ಇಂಚು ಪನ್ನದ ಬಟ್ಟೆಯಲ್ಲಿ ಅಡ್ಡಕ್ಕೆ ಎರಡೂವರೆ ಇಂಚು ಅಗಲದ 8 ಪಟ್ಟಿ ಕತ್ತರಿಸಿದರೆ ಜೋಡಣೆಯ ಕಡಿತ ಕಳೆದೂ ಸಾಲುತ್ತದೆ. ಅದಕ್ಕೆ 20 ಇಂಚು ಬಟ್ಟೆ ಬೇಕು, ಕುಗ್ಗುವುದನ್ನೂ ಲೆಕ್ಕ ಹಿಡಿದು 60 ಸೆಂಟಿಮೀಟರ್ ಕೊಳ್ಳಿ. ಕೌದಿಯ ಬದಿ ನೇರವಾಗಿದ್ದರೆ ಕ್ರಾಸ್ ಪಟ್ಟಿ, ಅಂದರೆ ಎಳೆಗೆ ಓರೆಯಾಗಿ ಕತ್ತರಿಸಿದ ಪಟ್ಟಿ, ಕಡ್ಡಾಯವಲ್ಲ. ಆದರೆ ನೇರ ಎಳೆಯ ಪಟ್ಟಿಯಲ್ಲಿ ಮಡಿಕೆಯ ಉದ್ದಕ್ಕೂ ಅದೇ ಒಂದೆರಡು ಎಳೆ ಸವೆಯುತ್ತವೆ, ಕ್ರಾಸ್ ಪಟ್ಟಿಯಲ್ಲಿ ಸವೆತ ಅನೇಕ ಎಳೆಗಳಿಗೆ ಹಂಚಿಹೋಗುತ್ತದೆ. ದಿನವೂ ಹೊದೆಯುವ ಕೌದಿಗೆ ತುಸು ಹೆಚ್ಚು ಬಟ್ಟೆ ಹೋದರೂ ಚಿಂತೆಯಿಲ್ಲ, ಕ್ರಾಸ್ ಕತ್ತರಿಸಿ ಎನ್ನುವುದು ನನ್ನ ಅಭಿಪ್ರಾಯ. ಪಟ್ಟಿಯಿಂದ ಪಟ್ಟಿಗೆ ಜೋಡಿಸುವಾಗ ಹೊಲಿಗೆ ಓರೆಯಾಗಿರಲಿ. ನೇರ ಜೋಡಿಸಿದರೆ ಮಡಿಕೆಗಳೆಲ್ಲ ಒಂದೇ ಜಾಗದಲ್ಲಿ ಕೂತು ಗಡ್ಡೆ ಕಟ್ಟುತ್ತವೆ, ಸೂಜಿ ಅಲ್ಲೇ ಮುರಿಯುತ್ತದೆ. ಜೋಡಣೆ ಬಿಡಿಸಿ ಇಸ್ತ್ರಿ ಹಾಕಿ, ಆಮೇಲೆ ಇಡೀ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಚಿ ಮತ್ತೊಮ್ಮೆ ಇಸ್ತ್ರಿ. ಎರಡು ಪದರದ ಅಂಚು ಒಂದು ಪದರದ್ದಕ್ಕಿಂತ ಹೆಚ್ಚು ಬಾಳುತ್ತದೆ.

ಪಟ್ಟಿ ಹಚ್ಚುವ ಮುಂಚೆ ಕೌದಿಯ ಬದಿಯನ್ನು ಗಟ್ಟಿಮಾಡಿಕೊಳ್ಳಿ. ಸುತ್ತಲೂ, ಅಂಚಿನಿಂದ 5 ಮಿಲಿಮೀಟರ್ ಒಳಗೆ, ಒಂದು ಉದ್ದ ಹೊಲಿಗೆ ಓಡಿಸಿದರೆ ಪದರಗಳು ಜಾರುವುದಿಲ್ಲ. ಮಷೀನಿಗೆ ವಾಕಿಂಗ್ ಫೂಟ್ ಹಾಕಿ. ಸಾಮಾನ್ಯ ಫೂಟಿನಲ್ಲಿ ಕೆಳಗಿನ ಹಲ್ಲುಗಳು ಕೆಳಪದರವನ್ನು ಮಾತ್ರ ಎಳೆಯುತ್ತವೆ, ಮೇಲಿನ ಪದರ ಹಿಂದೆ ಉಳಿದು ನೆರಿಗೆಯಾಗುತ್ತದೆ; ವಾಕಿಂಗ್ ಫೂಟ್ ಮೇಲಿನದನ್ನೂ ಜೊತೆಗೆ ನಡೆಸುತ್ತದೆ. ಸೂಜಿ 14ನೇ ನಂಬರಿನದು, ಹೊಸದು. ಹೊಲಿಗೆಯ ಉದ್ದ ಸುಮಾರು 3 ಮಿಲಿಮೀಟರ್. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕೌದಿಯ ಭಾರ ಮೇಜಿನಿಂದ ಕೆಳಗೆ ಜೋತುಬಿದ್ದರೆ ಹೊಲಿಗೆ ಒಂದೇ ಸಮ ಬರುವುದೇ ಇಲ್ಲ. ಎಡಗಡೆ ಇಸ್ತ್ರಿಯ ಹಲಗೆಯನ್ನು ಮೇಜಿನ ಎತ್ತರಕ್ಕೆ ನಿಲ್ಲಿಸಿ, ಭಾರವನ್ನೆಲ್ಲ ಅದರ ಮೇಲೆ ಕೂರಿಸಿ. ಎರಡು ಕೋಣೆಯ ಫ್ಲಾಟಿನಲ್ಲೂ ಅಷ್ಟು ಜಾಗ ಮಾಡಿಕೊಳ್ಳಬಹುದು. ಮಷೀನಿನ ಕೆಳಗೆ ದಪ್ಪ ಚಾಪೆ ಹಾಕಿದರೆ ಕೆಳಗಿನ ಮನೆಯವರಿಗೂ ಸದ್ದು ಕಡಿಮೆ.

ಕೈಯಲ್ಲಿ ಮುಗಿಸುವವರು ಪಟ್ಟಿಯನ್ನು ಮೊದಲು ಮುಂಬದಿಗೆ ಹೊಲಿದು ಹಿಂದಕ್ಕೆ ಮಡಿಚುತ್ತಾರೆ. ಎರಡೂ ಹೊಲಿಗೆ ಮಷೀನಿನದೇ ಆದಾಗ ಅದನ್ನು ತಿರುವಿ ಮಾಡಿ. ಪಟ್ಟಿಯ ಬಿಚ್ಚಿದ ಬದಿಯನ್ನು ಕೌದಿಯ ಹಿಂಬದಿಯ ಅಂಚಿಗೆ ಸರಿಹೊಂದಿಸಿ, ಒಂದು ಗೇಣಿನಷ್ಟು ಬಾಲ ಬಿಟ್ಟು, ಬದಿಯ ನಡುವಿನಿಂದ ಹೊಲಿಯಲು ಶುರು ಮಾಡಿ. ಅಂಚಿನಿಂದ 8 ಮಿಲಿಮೀಟರ್ ಒಳಗೆ ಹೊಲಿಗೆ ಸಾಗಲಿ. ಪಟ್ಟಿಯನ್ನು ಎಳೆಯಬೇಡಿ. ಎಳೆದರೆ ಅಂಚು ಚಿರುಟುತ್ತದೆ, ಕೌದಿಯನ್ನು ಎಳೆದರೆ ಅಂಚು ಅಲೆಯಲೆಯಾಗುತ್ತದೆ.

ಮೂಲೆಯ ಹತ್ತಿರ ಬಂದಾಗ ನಿಧಾನಿಸಿ. ಮುಂದಿನ ಬದಿಗೆ ಸರಿಯಾಗಿ 8 ಮಿಲಿಮೀಟರ್ ಇರುವಾಗ ನಿಂತು, ಸೂಜಿ ಕೆಳಗಿಟ್ಟುಕೊಂಡೇ ಕೌದಿಯನ್ನು ಮೂಲೆಯ ಅರ್ಧ ಕೋನದಷ್ಟು ತಿರುಗಿಸಿ, ಮೂಲೆಯ ತುದಿಗೆ ಓರೆಯಾಗಿ ಹೊಲಿದು ಹೊರಬನ್ನಿ. ಈಗ ಪಟ್ಟಿಯನ್ನು ಮೇಲಕ್ಕೆ ಮಡಿಚಿ, ಅದು ಮುಂದಿನ ಬದಿಯ ಗೆರೆಗೆ ನೇರವಾಗಿ ನಿಲ್ಲಬೇಕು. ಹಾಗೆಯೇ ಕೆಳಕ್ಕೆ ಮಡಿಚಿ, ಮೇಲಿನ ಮಡಿಕೆ ಈಗಾಗಲೇ ಹೊಲಿದ ಬದಿಗೆ ಸಮನಾಗಿ ಕೂರಬೇಕು. ಅಲ್ಲಿಂದ, ಅಂದರೆ ಮಡಿಕೆಯ ತುದಿಯಿಂದಲೇ, ಮತ್ತೆ ಹೊಲಿಯಿರಿ. ನಿಲ್ಲುವ ಜಾಗ ಒಂದೆರಡು ಹೊಲಿಗೆಯಷ್ಟು ತಪ್ಪಿದರೂ ಮೂಲೆ ಚೂಪಾಗದೆ ಮೊಂಡಾಗುತ್ತದೆ. ಕಣ್ಣಳತೆ ನಂಬಬೇಡಿ, ನಾಲ್ಕೂ ಮೂಲೆಗೆ ಸೀಮೆಸುಣ್ಣದ ಚುಕ್ಕೆ ಮೊದಲೇ ಇಟ್ಟುಕೊಳ್ಳಿ. ಕೌದಿಗೆ ಕೈ ಹಾಕುವ ಮುಂಚೆ ಹಳೆ ಬಟ್ಟೆಯ ಪದರ ಕೂಡಿಸಿ ಅದರ ನಾಲ್ಕು ಮೂಲೆಗಳ ಮೇಲೆ ಅಭ್ಯಾಸ ಮಾಡಿ. ನಿಮ್ಮ ಕೌದಿಯ ದಪ್ಪಕ್ಕೆ ಎರಡೂವರೆ ಇಂಚಿನ ಪಟ್ಟಿ ಸಾಲುತ್ತದೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಸುತ್ತು ಮುಗಿದು ಎರಡು ಬಾಲಗಳು ಎದುರುಬದುರಾದಾಗ ನಡುವೆ ಒಂದು ಗೇಣು ಖಾಲಿ ಉಳಿಸಿಕೊಂಡು ನಿಲ್ಲಿ. ಒಂದರೊಳಗೊಂದು ತುರುಕಿ ಮುಚ್ಚುವುದು ಬೇಡ, ಮುಟ್ಟಿದರೆ ಗೊತ್ತಾಗುತ್ತದೆ. ಎರಡೂ ಬಾಲ ಒಂದರ ಮೇಲೊಂದು ಪಟ್ಟಿಯ ಅಗಲದಷ್ಟೇ, ಎರಡೂವರೆ ಇಂಚು, ಬರುವಂತೆ ಕತ್ತರಿಸಿ, ಬಿಡಿಸಿ, ಮೊದಲಿನಂತೆಯೇ ಓರೆಯಾಗಿ ಜೋಡಿಸಿ. ಅದು ಹಾಸಿದಂತೆ ಕೂರುತ್ತದೆ.

ಈಗ ಪಟ್ಟಿಯನ್ನು ಮುಂಬದಿಗೆ ತಿರುಗಿಸಿ. ಅದರ ಮಡಿಕೆ ಮೊದಲಿನ ಹೊಲಿಗೆಯ ಗೆರೆಯನ್ನು 2-3 ಮಿಲಿಮೀಟರ್ ದಾಟಿ ಕೂರಬೇಕು. ಗುಂಡುಸೂಜಿ ಬಿಟ್ಟು ಬಟ್ಟೆಯ ಕ್ಲಿಪ್ಪು ಬಳಸಿ, ಪದರ ಜರುಗುವುದಿಲ್ಲ. ಮಕ್ಕಳ ಶಾಲೆಯ, ನೀರಿನಲ್ಲಿ ಕರಗುವ ಬಿಳಿ ಅಂಟು ಒಂದೆಳೆ ಹಚ್ಚಿ ಇಸ್ತ್ರಿಯಿಂದ ಒಣಗಿಸಿದರೂ ಆದೀತು, ಮೊದಲ ಒಗೆತಕ್ಕೆ ಹೋಗುತ್ತದೆ. ಮೇಲಿನ ದಾರ ಪಟ್ಟಿಯ ಬಣ್ಣದ್ದು, ಬಾಬಿನ್ ದಾರ ಕೌದಿಯ ಹಿಂಬದಿಯ ಬಣ್ಣದ್ದು ಇರಲಿ. ಮಡಿಕೆಯ ತೀರ ತುದಿಯಲ್ಲಿ, ಒಂದೂವರೆ ಮಿಲಿಮೀಟರ್ ಒಳಗೆ ಹೊಲಿಯುತ್ತ ಹೋಗಿ. ಕಣ್ಣು ಸೂಜಿಯ ಮೇಲಿರಬಾರದು, ಫೂಟಿನ ಮುಂದೆ ಬರುವ ಮಡಿಕೆಯ ಮೇಲಿರಬೇಕು. ಮೂಲೆಯ ದಪ್ಪದಲ್ಲಿ ಮೋಟಾರು ಬಿಟ್ಟು ಕೈಯಿಂದಲೇ ಚಕ್ರ ತಿರುಗಿಸಿ, ಓರೆ ಮಡಿಕೆಯ ಬಿಂದುವಿನಲ್ಲಿ ಸೂಜಿ ಇಳಿಸಿ, ಕೌದಿ ತಿರುಗಿಸಿ. ಹಿಂಬದಿಯಲ್ಲಿ ಪಟ್ಟಿಯ ಪಕ್ಕಕ್ಕೇ ಸಮಾನಾಂತರವಾಗಿ ಒಂದು ಹೊಲಿಗೆಯ ಗೆರೆ ಕಾಣುತ್ತದೆ. ಅದು ದೋಷವಲ್ಲ, ಈ ವಿಧಾನದ ಗುಣ. ಆ ಗೆರೆ ನೆಟ್ಟಗಿದ್ದರೆ ಸಾಕು. ಎಲ್ಲಾದರೂ ಮಡಿಕೆ ತಪ್ಪಿದ್ದರೆ ಮೇಲೆ ಇನ್ನೊಂದು ಹೊಲಿಗೆ ಹಾಕಿ ಮುಚ್ಚಬೇಡಿ, ನಾಲ್ಕು ಬೆರಳಿನಷ್ಟು ಬಿಚ್ಚಿ ಸರಿಮಾಡಿ.

ಹಿಂಬದಿಗೆ ಪಟ್ಟಿ ಹಚ್ಚುವ ಮುನ್ನವೇ ಒಂದು ಮೂಲೆಯಲ್ಲಿ ಪುಟ್ಟ ಬಟ್ಟೆಚೀಟಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಅದರ ಎರಡು ಬದಿ ಅಂಚುಪಟ್ಟಿಯೊಳಗೇ ಸೇರಿಹೋಗುತ್ತದೆ, ಉಳಿದೆರಡಕ್ಕೆ ಕೈಹೊಲಿಗೆ ಸಾಕು. ಯಾರು ಹೊಲಿದರು, ಯಾರ ಬಟ್ಟೆ, ಯಾವ ಊರು, ಯಾವ ಇಸವಿ ಎಂದು ಕನ್ನಡದಲ್ಲಿ ಬರೆಯಿರಿ. ಇಲ್ಲಿಯ ಬದುಕಿನಲ್ಲಿ ಮನೆ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ಮಕ್ಕಳು ಓದಲು ಬೇರೆ ದೇಶಕ್ಕೆ ಹೋಗುತ್ತಾರೆ, ಕೌದಿ ಅವರ ಸೂಟ್‌ಕೇಸಿನಲ್ಲಿ ಹೋಗುತ್ತದೆ. ಅಲ್ ಕುಸೈಸ್‌ನಲ್ಲಿ ಇದನ್ನು ಹೊಲಿದವರು ಯಾರೆಂದು ಅದನ್ನು ಹೊದೆಯುವವರಿಗೆ ತಿಳಿಯಬೇಕು.

ಉಳಿದ ಪಟ್ಟಿಯ ತುಂಡನ್ನು ಎಸೆಯದೆ ಸುತ್ತಿ ಇಡಿ, ಜೊತೆಗೆ ಅದೇ ಬಣ್ಣದ ದಾರದ ಉಂಡೆಯನ್ನೂ ಇಡಿ. ಎಷ್ಟು ಚೆನ್ನಾಗಿ ಹೊಲಿದರೂ ಅಂಚು ಒಂದು ದಿನ ಹರಿಯುತ್ತದೆ. ಆಗ ಕೌದಿ ಹಳತಾಯಿತು ಎಂದು ಕಾರಿನ ಡಿಕ್ಕಿಗೋ ಕಸಕ್ಕೋ ಹಾಕಬೇಡಿ. ಎರಡು ಸಾಲು ಹೊಲಿಗೆ ಬಿಚ್ಚಿದರೆ ಹಳೆ ಪಟ್ಟಿ ಕಳಚಿಬರುತ್ತದೆ, ಹೊಸ ಪಟ್ಟಿ ಹಚ್ಚಲು ಒಂದು ಶನಿವಾರ ಸಾಕು.