ಹಳೆಯ ಎಂ.ಜಿ.ಬಿ.ಯೋ, ಹೊಸ ಸ್ವಿಫ್ಟೋ?



ವೃದ್ಧ ಮಾತೆಯನ್ನೂ ಶಾಲೆಗೆ ಹೋಗುವ ಮಗುವನ್ನೂ ದಿನಂಪ್ರತಿ ಕರೆದೊಯ್ಯಲು 1967ರ ಎಂ.ಜಿ.ಬಿ. ರೋಡ್‌ಸ್ಟರ್ ತಕ್ಕುದೋ, ಹೊಸ ಸ್ವಿಫ್ಟ್ ತಕ್ಕುದೋ ಎಂದು ಕೇಳಿರುವಿರಿ.

ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ನಿರ್ಮಿತವಾದ ಆ ಕಾರಿನ ಸೌಂದರ್ಯಕ್ಕೆ ನಾನೂ ಮನಸೋತವನೇ. ಎರಡು ಕಾರ್ಬ್ಯುರೇಟರುಗಳಿಂದ ಉಸಿರೆಳೆಯುವ ಅದರ 1,798 ಸಿ.ಸಿ. ಎಂಜಿನ್ನಿನ ಗಂಭೀರ ನಾದವೂ, ರಸ್ತೆಯ ಸ್ಪಂದನವನ್ನೆಲ್ಲ ಅಂಗೈಗೆ ಮುಟ್ಟಿಸುವ ಅದರ ಸ್ಟಿಯರಿಂಗೂ ನೀಡುವ ಆನಂದವು ಇಂದಿನ ಸಣ್ಣ ಕಾರುಗಳಲ್ಲಿ ದುರ್ಲಭವೆಂಬುದು ನಿಸ್ಸಂದೇಹ. ಆದರೆ ಉದ್ದದಲ್ಲಿ ಎರಡೂ ಹೆಚ್ಚುಕಡಮೆ ಸಮಾನವಾಗಿದ್ದು, ನಾಲ್ಕು ಮೀಟರನ್ನು ಮೀರದಿದ್ದರೂ, ಎಂಜಿನ್ನನ್ನು ಉದ್ದಕ್ಕಿಟ್ಟು ಹಿಂದಿನ ಚಕ್ರಗಳನ್ನು ತಿರುಗಿಸುವ ಎಂ.ಜಿ.ಬಿ.ಯಲ್ಲಿ ಇಬ್ಬರಿಗೆ ಮಾತ್ರ ಎಡೆಯುಂಟು. ಎಂಜಿನ್ನನ್ನು ಅಡ್ಡಲಾಗಿಟ್ಟು ಮುಂದಿನ ಚಕ್ರಗಳನ್ನೇ ನಡೆಸುವ ಸ್ವಿಫ್ಟಿನಲ್ಲಿಯಾದರೋ ಐವರು ಕುಳ್ಳಿರಬಹುದು, ಆರು ಏರ್‌ಬ್ಯಾಗುಗಳ ರಕ್ಷೆಯೂ ಎ.ಬಿ.ಎಸ್. ಬ್ರೇಕೂ ಅವರಿಗುಂಟು. ಹಳೆಯದರಲ್ಲಿ ಇವೆರಡೂ ಇಲ್ಲ.

ಇನ್ನೊಂದು ಮಾತು: ಐವತ್ತು ವರ್ಷ ದಾಟಿದ ಕಾರನ್ನು 2021ರ ಕೇಂದ್ರ ನಿಯಮಗಳ ಮೇರೆಗೆ ವಿಂಟೇಜ್ ಎಂದು ನೋಂದಾಯಿಸಿದಲ್ಲಿ, ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗಲ್ಲದೆ ನಿತ್ಯಸಂಚಾರಕ್ಕೆ ಬಳಸುವಂತಿಲ್ಲ.

ಆದುದರಿಂದ ಈಗ ಸ್ವಿಫ್ಟನ್ನೇ ಕೊಳ್ಳಿರಿ, ಎಂ.ಜಿ.ಬಿ.ಯನ್ನು, ಅನುಕೂಲವೊದಗಿದಾಗ, ಎರಡನೆಯ ಕಾರಾಗಿ ಮಾತ್ರ ಮನೆಗೆ ತನ್ನಿರಿ.